ಸೋತ ನಾಯಕ ಮತ್ತೆ ಏಳಬಹುದೆ? ಚಿಕ್ಕಮಗಳೂರನ್ನು ಕೇಳಿ!

(ಕಾರ್ಯಕರ್ತರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮತ ಎಣಿಕೆಯ ದಿನ ಸಂಜೆ ಸೋತ ಪಕ್ಷದ ಕಚೇರಿ ಮುಂದೆ ನೀವು ಯಾವತ್ತಾದರೂ ಹಾದುಹೋಗಿದ್ದೀರಾ? ಬೆಳಿಗ್ಗೆ ಹತ್ತು ಗಂಟೆವರೆಗೆ ಅಲ್ಲಿ ಸೈಕಲ್ ನಿಲ್ಲಿಸಲೂ ಜಾಗ ಇರುವುದಿಲ್ಲ. ಸಂಜೆ ಹೊತ್ತಿಗೆ ಉಳಿದಿರುವವರು ಇಬ್ಬರೇ. ಒಬ್ಬ ಕಾವಲುಗಾರ, ಇನ್ನೊಬ್ಬ ಶಾಮಿಯಾನದವನು. ಕಾವಲುಗಾರನಿಗೆ ಬೇರೆ ದಿಕ್ಕಿಲ್ಲ, ಶಾಮಿಯಾನದವನಿಗೆ ಬಾಕಿ ದುಡ್ಡು ಬರಬೇಕು. ಅಲ್ಲಿಂದ ಎರಡು ರಸ್ತೆ ದಾಟಿ ಗೆದ್ದ ಪಕ್ಷದ ಕಚೇರಿಗೆ ಹೋಗಿ ನೋಡಿ. ಬೆಳಿಗ್ಗೆ ಇಲ್ಲಿದ್ದ ಮುಖಗಳೇ ಅಲ್ಲಿ ಹಾರ ಹಿಡಿದು ನಿಂತಿರುತ್ತವೆ. ಗೆದ್ದೆತ್ತಿನ ಬಾಲ ಹಿಡಿಯುವುದು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮಾರನೆಯ ದಿನ ಪತ್ರಿಕೆಯಲ್ಲಿ, ಟೀವಿಯಲ್ಲಿ ಒಂದೇ ಮಾತು: 'ಇವರ ಕಥೆ ಮುಗಿಯಿತು.' ವಯಸ್ಸಾಯಿತು, ಜಾತಿ ಲೆಕ್ಕ ತಪ್ಪಿತು, ಅಹಂಕಾರ ಬಂತು, ಮಕ್ಕಳು ಕೆಡಿಸಿದರು. ಸೋತವನಿಗೆ ನೂರೆಂಟು ಕಾರಣ.

ನಿಮ್ಮಲ್ಲಿ ಕೆಲವರು ಚುನಾವಣೆಯಲ್ಲಿ ರಾತ್ರಿಯೆಲ್ಲ ಪೋಸ್ಟರ್ ಅಂಟಿಸಿದವರಿದ್ದೀರಿ. ಬೂತಿನಲ್ಲಿ ಏಜೆಂಟರಾಗಿ ಕೂತು ತಣ್ಣಗಾದ ಚಿತ್ರಾನ್ನ ತಿಂದವರಿದ್ದೀರಿ. ನೀವು ನನ್ನನ್ನು ಕೇಳುವ ಪ್ರಶ್ನೆ ನೇರವಾಗಿದೆ: ಸೋತ ನಾಯಕ ಮತ್ತೆ ಏಳುತ್ತಾನಾ ಸಾರ್, ಇಲ್ಲ ನಾವು ನಮ್ಮ ದಾರಿ ನೋಡಿಕೊಳ್ಳಬೇಕಾ? ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಇಪ್ಪತ್ತೈದು ವಯಸ್ಸಿನವನ ಐದು ವರ್ಷ ಅಂದರೆ ಸಣ್ಣ ಮಾತಲ್ಲ. ನಾಯಕನಿಗೆ ಐದು ವರ್ಷ ಒಂದು ಅವಧಿ ಅಷ್ಟೇ. ಕಾರ್ಯಕರ್ತನಿಗೆ ಅದು ಯೌವನ.

ಉತ್ತರ ಹುಡುಕಲು ಇಂಗ್ಲೆಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಚಿಕ್ಕಮಗಳೂರಿಗೆ ಹೋಗೋಣ. ಇಸವಿ 1978.

ಅದಕ್ಕೂ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. 1971ರಲ್ಲಿ ಉತ್ತರ ಪ್ರದೇಶದ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿಯವರ ಎದುರು ರಾಜನಾರಾಯಣ್ ಎಂಬ ಸಮಾಜವಾದಿ ನಿಂತರು. ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಜನ ನಕ್ಕರು. ಆ ಮನುಷ್ಯ ಮನೆಗೆ ಹೋಗಿ ಮಲಗಲಿಲ್ಲ, ಕೋರ್ಟಿಗೆ ಹೋದರು. ನಾಲ್ಕು ವರ್ಷ ಕೇಸು ನಡೆಯಿತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಪ್ರಧಾನಮಂತ್ರಿಯ ಆಯ್ಕೆಯೇ ಅಸಿಂಧು ಅಂದರು. ಹದಿಮೂರು ದಿನಕ್ಕೆ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿಗೆ ಬೀಗ, ವಿರೋಧಪಕ್ಷದವರಿಗೆ ಜೈಲು. ವಾಜಪೇಯಿ, ಅಡ್ವಾಣಿಯವರನ್ನು ನಮ್ಮ ಬೆಂಗಳೂರಿನಲ್ಲೇ ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅದೇ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ಮರೆತು ನಾನು ಮುಂದಿನ ಮಾತು ಆಡಲಾರೆ.

1977ರ ಮಾರ್ಚ್‌ನಲ್ಲಿ ಚುನಾವಣೆ. ಅದೇ ರಾಯ್‌ಬರೇಲಿಯಲ್ಲಿ ಅದೇ ರಾಜನಾರಾಯಣ್ ಇಂದಿರಾ ಗಾಂಧಿಯವರನ್ನು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಕೆಡವಿದರು. ಅಧಿಕಾರದಲ್ಲಿದ್ದ ಪ್ರಧಾನಿ ತನ್ನ ಸ್ವಂತ ಕ್ಷೇತ್ರದಲ್ಲೇ ಸೋತದ್ದು ಅದೇ ಮೊದಲು. ಮಗ ಸಂಜಯ್ ಪಕ್ಕದ ಅಮೇಥಿಯಲ್ಲಿ ಮಣ್ಣುಮುಕ್ಕಿದ. ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಸೀಟು ಬರಲಿಲ್ಲ. ಎಲ್ಲರೂ ಹೇಳಿದರು, ಕಥೆ ಮುಗಿಯಿತು.

ಇಲ್ಲಿ ಒಂದು ಅಂಕಿ ನೋಡಿ. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ 26 ಗೆದ್ದಿತ್ತು! ದೇಶದಲ್ಲಿ ಬಂದದ್ದು 154. ಅದರಲ್ಲಿ 26 ನಮ್ಮವು. ಕಳೆದುಕೊಂಡದ್ದು ಎರಡೇ, ಅದರಲ್ಲೊಂದು ಬೆಂಗಳೂರು ದಕ್ಷಿಣ. ಅಲ್ಲಿ ಸುಪ್ರೀಂ ಕೋರ್ಟಿನಿಂದ ರಾಜೀನಾಮೆ ಕೊಟ್ಟು ಬಂದ ಕೆ.ಎಸ್. ಹೆಗ್ಡೆ ಗೆದ್ದರು.

ಕನ್ನಡಿಗರಿಗೆ ತುರ್ತು ಪರಿಸ್ಥಿತಿ ಇಷ್ಟವಾಗಿತ್ತಾ? ಉತ್ತರದ ಕೆಲವರು ಹಾಗೇ ಬರೆದರು, ದಕ್ಷಿಣದವರಿಗೆ ಪ್ರಜಾಪ್ರಭುತ್ವದ ಬೆಲೆ ಗೊತ್ತಿಲ್ಲ ಅಂತ. ಇದು ಅವಿವೇಕದ ಮಾತು. ಬಲವಂತದ ಸಂತಾನಹರಣ ಚಿಕಿತ್ಸೆಯ ಹಾವಳಿ ಉತ್ತರದಲ್ಲಿ ಇದ್ದಷ್ಟು ಇಲ್ಲಿ ಇರಲಿಲ್ಲ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಇಲ್ಲಿ ದೇವರಾಜ ಅರಸು ಇದ್ದರು. 1974ರ ಭೂಸುಧಾರಣೆ ಕಾನೂನಿನಿಂದ ಗೇಣಿದಾರ ತಾನು ಉಳುತ್ತಿದ್ದ ಹೊಲಕ್ಕೆ ಒಡೆಯನಾಗಲು ಅರ್ಜಿ ಹಾಕಿ ನಿಂತಿದ್ದ. ಹಾವನೂರು ಆಯೋಗದ ವರದಿ ಬಂದಿತ್ತು. ಅದುವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಜಾತಿಗಳ ಹುಡುಗರು ಟಿಕೆಟ್ ಪಡೆದು ಶಾಸಕರಾಗಿದ್ದರು. ಗೇಣಿದಾರ ಮತ ಹಾಕಿದ್ದು ತುರ್ತು ಪರಿಸ್ಥಿತಿಗಲ್ಲ, ತನ್ನ ಎರಡು ಎಕರೆಗೆ. ಆ ಮತ ಇಂದಿರಾ ಹೆಸರಲ್ಲಿ ಪೆಟ್ಟಿಗೆಗೆ ಬಿತ್ತು, ಅಷ್ಟೇ.

ಹಾಗಾಗಿ ಮೊದಲ ಮಾತು ಇದು. ನಾಯಕ ಬಿದ್ದ ಅಂತ ಹೇಳುವ ಮೊದಲು ಎಲ್ಲಿ ಬಿದ್ದ, ಎಲ್ಲಿ ಬೀಳಲಿಲ್ಲ ಅಂತ ನೋಡಬೇಕು. ದೆಹಲಿಯ ಪತ್ರಿಕೆಗಳು ರಾಯ್‌ಬರೇಲಿಯನ್ನು ನೋಡಿದವು. ಚಿಕ್ಕಮಗಳೂರನ್ನು ಯಾರೂ ನೋಡಲಿಲ್ಲ.

ಸೋತ ಮೇಲೆ ಇಂದಿರಾ ಗಾಂಧಿ ಏನು ಮಾಡಿದರು? ಮೊದಲ ಕೆಲವು ತಿಂಗಳು ಏನೂ ಇಲ್ಲ. 1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ದಲಿತರನ್ನು ಕೊಂದು ಸುಟ್ಟರು. ಜನತಾ ಸರ್ಕಾರ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ, ಮಳೆಗಾಲದ ನಡುವೆ, ಇಂದಿರಾ ಅಲ್ಲಿಗೆ ಹೊರಟರು. ಜೀಪು ಕೆಸರಿನಲ್ಲಿ ಹೂತಿತು, ಟ್ರ್ಯಾಕ್ಟರ್ ತಂದರೂ ಮುಂದೆ ಹೋಗಲಿಲ್ಲ. ಕೊನೆಗೆ ಆನೆ ಮೇಲೆ ಕೂತು ಹೊಳೆ ದಾಟಿ ಹೋದರು. ಅಂಬಾರಿ ಇಲ್ಲ, ಬರೀ ಆನೆ. ಆ ಹಳ್ಳಿಯ ಜನ ಅವರ ಕಾಲಿಗೆ ಬಿದ್ದು ಅತ್ತರು.

ನಾಟಕ ಅನ್ನುತ್ತೀರಾ? ಇರಬಹುದು. ಆದರೆ ಆ ನಾಟಕ ಆಡಲು ಗೆದ್ದವರಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ ಎಂಬುದನ್ನೂ ಗಮನಿಸಿ. ಗೆದ್ದವರು ದೆಹಲಿಯಲ್ಲಿ ಕುರ್ಚಿ ಎಣಿಸುತ್ತಿದ್ದರು. ಮೊರಾರ್ಜಿ ಒಂದು ಕಡೆ, ಚರಣ್ ಸಿಂಗ್ ಒಂದು ಕಡೆ, ಜಗಜೀವನ್ ರಾಂ ಇನ್ನೊಂದು ಕಡೆ.

ಅವರು ಮಾಡಿದ ಎರಡನೇ ತಪ್ಪು ಇನ್ನೂ ದೊಡ್ಡದು. ಅಕ್ಟೋಬರ್ 3ರಂದು ಗೃಹಮಂತ್ರಿ ಚರಣ್ ಸಿಂಗ್ ಇಂದಿರಾ ಅವರನ್ನು ಬಂಧಿಸಿದರು. ಕೇಸು ಎಷ್ಟು ಪೊಳ್ಳಾಗಿತ್ತೆಂದರೆ ಮಾರನೇ ದಿನವೇ ಮ್ಯಾಜಿಸ್ಟ್ರೇಟರು ಬಿಟ್ಟು ಕಳಿಸಿದರು. ಷಾ ಆಯೋಗ ಗಂಭೀರ ವಿಚಾರಣೆ ನಡೆಸುತ್ತಿತ್ತು. ಜನ ತಾಳ್ಮೆಯಿಂದ ಕೇಳುತ್ತಿದ್ದರು. ಅದನ್ನು ಬಿಟ್ಟು ಈ ಆತುರ! ಅಪರಾಧಿಯಾಗಿ ನಿಂತಿದ್ದ ಹೆಂಗಸನ್ನು ಒಂದೇ ರಾತ್ರಿಯಲ್ಲಿ ಬಲಿಪಶು ಮಾಡಿಕೊಟ್ಟರು. ಸೋತ ನಾಯಕನನ್ನು ಗೆದ್ದವರು ಎಬ್ಬಿಸುವಷ್ಟು ಬೇಗ ಇನ್ಯಾರೂ ಎಬ್ಬಿಸಲಾರರು.

1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆಯಿತು. ಹಳೆಯ ಹಸು ಕರುವಿನ ಗುರುತು ಹೋಯಿತು, ಹಸ್ತದ ಗುರುತು ಬಂತು. ಹಳೆ ತಲೆಗಳು ಬಹುತೇಕ ಅತ್ತ ಕಡೆ ಉಳಿದವು. ಅರಸು ಇಂದಿರಾ ಜೊತೆ ನಿಂತರು. ಆ ಹೊತ್ತಿಗೆ ಅರಸು ಮುಖ್ಯಮಂತ್ರಿಯೂ ಅಲ್ಲ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ. ಫೆಬ್ರವರಿಯಲ್ಲಿ ವಿಧಾನಸಭೆ ಚುನಾವಣೆ. ಹೊಸ ಪಕ್ಷ, ಹೊಸ ಗುರುತು, ಪ್ರಚಾರಕ್ಕೆ ಕೆಲವೇ ವಾರ. ಬಂದದ್ದು 224ರಲ್ಲಿ 149. ಜನತಾ ಪಕ್ಷಕ್ಕೆ 59. ಆಂಧ್ರದಲ್ಲೂ ಗೆಲುವು. ಅಲ್ಲಿಗೆ ಇಂದಿರಾ ಅವರಿಗೆ ಕಾಲೂರಲು ನೆಲ ಸಿಕ್ಕಿತು. ಉತ್ತರದಲ್ಲಿ ಕಳೆದುಕೊಂಡದ್ದನ್ನು ದಕ್ಷಿಣ ಕೊಟ್ಟಿತು.

ಈಗ ಲೋಕಸಭೆಗೆ ಒಂದು ಸೀಟು ಬೇಕು. ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡ ರಾಜೀನಾಮೆ ಕೊಟ್ಟು ಜಾಗ ತೆರವು ಮಾಡಿದರು. ನವೆಂಬರ್ 5, 1978, ಉಪಚುನಾವಣೆ. ಎದುರಾಳಿ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲ್. ಇವರು ಸಾಮಾನ್ಯ ಅಭ್ಯರ್ಥಿಯಲ್ಲ, ಮಾಜಿ ಮುಖ್ಯಮಂತ್ರಿ. ಚಿಂಚೋಳಿಯವರು, ಸಜ್ಜನ, ಕೈ ಶುದ್ಧ ಅಂತ ಹೆಸರು. ಅವರ ಪರವಾಗಿ ದೆಹಲಿಯಿಂದ ಮಂತ್ರಿಗಳ ದಂಡೇ ಬಂತು. ಮಂಗಳೂರಿನ ಹುಡುಗ ಜಾರ್ಜ್ ಫರ್ನಾಂಡಿಸ್ ಹಗಲು ರಾತ್ರಿ ಓಡಾಡಿದರು.

ಆಗ ನಾನು ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗ. ಊರಿನ ಗೋಡೆಗಳಿಗೆ ಸುಣ್ಣ ಬಳಿಯುವವರೂ ಕೆಮ್ಮಣ್ಣಿನಲ್ಲಿ ಬರೆಯುವವರೂ ಪಾಳಿ ಮೇಲೆ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಹಸ್ತ, ಸಂಜೆ ಅದರ ಮೇಲೆ ನೇಗಿಲು ಹೊತ್ತ ರೈತ. ಹೋಟೆಲಿನಲ್ಲಿ ಬಿಳಿ ಜುಬ್ಬದವರು ಇಡ್ಲಿಗೆ ಸಕ್ಕರೆ ಕೇಳುತ್ತಿದ್ದರು. ಮಾಣಿಗೆ ಅವರ ಮಾತು ಅರ್ಥವಾಗದು, ಅವರಿಗೆ ಮಾಣಿಯ ಮಾತು ಅರ್ಥವಾಗದು. ಒಂದು ಸೋಜಿಗ ಹೇಳುತ್ತೇನೆ. ಇಡೀ ದೇಶಕ್ಕೆ ನೆನಪಿರುವ ಆ ಚುನಾವಣೆಯ ಘೋಷಣೆ, ಒಂದು ಹೆಣ್ಣುಸಿಂಹ ನೂರು ಮುಸುವಗಳು ಅಂತ ಪ್ರಾಸ ಕಟ್ಟಿದ್ದು, ಹಿಂದಿಯದು. ಕಾಫಿ ತೋಟದ ಹೆಣ್ಣಾಳಿಗೆ ಅದು ಅರ್ಥವಾಗುತ್ತಿತ್ತಾ? ಇಲ್ಲ. ಅದು ಅವಳಿಗಾಗಿ ಬರೆದದ್ದೂ ಅಲ್ಲ. ನಿಂತದ್ದು ನಮ್ಮ ಜಿಲ್ಲೆಯಲ್ಲಿ, ಮಾತಾಡಿದ್ದು ಉತ್ತರದ ಜೊತೆ. ನಮ್ಮೂರಿನ ಹೆಸರು ಅವರ ಪ್ರಾಸಕ್ಕೆ ಚೆನ್ನಾಗಿ ಹೊಂದಿಕೊಂಡಿತು, ಅಷ್ಟೇ ನಮ್ಮ ಪಾಲು.

ಮತ ಎಣಿಕೆ ಆಯಿತು. 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಇಂದಿರಾ ಗೆದ್ದರು. ಇಪ್ಪತ್ತು ತಿಂಗಳ ಹಿಂದೆ ಕಥೆ ಮುಗಿಯಿತು ಅನ್ನಿಸಿಕೊಂಡವರು.

ಮುಂದೇನಾಯಿತು ಗೊತ್ತೇ? ಡಿಸೆಂಬರ್ 19ರಂದು ಲೋಕಸಭೆಯೇ ಅವರನ್ನು ಸದನದಿಂದ ಹೊರಹಾಕಿತು. ಹಕ್ಕುಚ್ಯುತಿ ಆರೋಪ. ತಿಹಾರ್ ಜೈಲಿಗೆ ಕಳಿಸಿದರು. ಒಂದು ವಾರ ಒಳಗಿದ್ದು ಹೊರಬಂದರು. ಮತ್ತೆ ಅದೇ ತಪ್ಪು, ಮತ್ತೆ ಅದೇ ಲಾಭ. ಚಿಕ್ಕಮಗಳೂರಿನ ಜನ ಆರಿಸಿ ಕಳಿಸಿದ ಸಂಸದೆ ಒಂದೂವರೆ ತಿಂಗಳೂ ಸಂಸದೆಯಾಗಿ ಇರಲಿಲ್ಲ! ಆ ಜನರ ಮತಕ್ಕೆ ಏನು ಬೆಲೆ ಬಂತು ಅಂತ ಲೋಕಸಭೆಯಲ್ಲಿ ಕೇಳಿದವರು ಎಷ್ಟು ಜನ?

1979ರ ಜುಲೈನಲ್ಲಿ ಮೊರಾರ್ಜಿ ಸರ್ಕಾರ ಬಿತ್ತು. ಇಂದಿರಾ ಅವರನ್ನು ಜೈಲಿಗೆ ಕಳಿಸಿದ್ದ ಅದೇ ಚರಣ್ ಸಿಂಗ್, ಅದೇ ಇಂದಿರಾ ಅವರ ಬೆಂಬಲದಿಂದ ಪ್ರಧಾನಿಯಾದರು. ಮೂರೂವರೆ ವಾರದಲ್ಲಿ ಇಂದಿರಾ ಬೆಂಬಲ ವಾಪಸ್ ಪಡೆದರು. ಚರಣ್ ಸಿಂಗ್ ಪ್ರಧಾನಿಯಾಗಿ ಒಂದು ದಿನವೂ ಲೋಕಸಭೆಯನ್ನು ಎದುರಿಸಲಿಲ್ಲ. 1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 353 ಸ್ಥಾನ. ಅವರು ರಾಯ್‌ಬರೇಲಿಯಲ್ಲೂ ಗೆದ್ದರು, ಆಂಧ್ರದ ಮೇದಕ್‌ನಲ್ಲೂ ಗೆದ್ದರು. ಸೋಲಿಸಿದ್ದ ರಾಯ್‌ಬರೇಲಿಯನ್ನು ಬಿಟ್ಟು ಮೇದಕ್ ಉಳಿಸಿಕೊಂಡರು. ಮೂವತ್ತಮೂರು ತಿಂಗಳಲ್ಲಿ ಬಿದ್ದವರು ಎದ್ದರು.

ಹಾಗಾದರೆ ಉತ್ತರ ಸಿಕ್ಕಿತಲ್ಲ, ಸೋತವರು ಏಳುತ್ತಾರೆ, ಸಭೆ ಮುಗಿಸೋಣ ಅನ್ನುತ್ತೀರಾ? ತಾಳಿ. ಆ ಚಿಕ್ಕಮಗಳೂರಿನ ಕಥೆಯಲ್ಲಿ ಇನ್ನೂ ಮೂರು ಜನ ಇದ್ದಾರೆ. ಅವರನ್ನು ನೋಡದೆ ಹೋದರೆ ನಾನು ನಿಮಗೆ ಅರ್ಧ ಸುಳ್ಳು ಹೇಳಿದ ಹಾಗೆ.

ಮೊದಲು ಅರಸು. ಬಿದ್ದವರನ್ನು ಹೆಗಲ ಮೇಲೆ ಹೊತ್ತು ತಂದವರು. ಚಿಕ್ಕಮಗಳೂರು ಗೆದ್ದು ಏಳು ತಿಂಗಳಾಗಿತ್ತು, 1979ರ ಜೂನ್‌ನಲ್ಲಿ ಅವರನ್ನೇ ಪಕ್ಷದಿಂದ ಹೊರಹಾಕಿದರು. ಮುಖ್ಯಮಂತ್ರಿಯೂ ಪಕ್ಷದ ರಾಜ್ಯ ಅಧ್ಯಕ್ಷರೂ ಒಬ್ಬರೇ ಇರಬಾರದು ಎಂಬ ಜಗಳ ಮೇಲಿನ ನೆಪ. ಒಳಗೆ ಸಂಜಯ್ ಗಾಂಧಿ ಮತ್ತೆ ತಲೆ ಎತ್ತುತ್ತಿದ್ದುದು ಅರಸು ಅವರಿಗೆ ಹಿಡಿಸಿರಲಿಲ್ಲ. ತನ್ನ ಬಲದಿಂದ ನಿಂತ ಮುಖ್ಯಮಂತ್ರಿ ದೆಹಲಿಗೂ ಹಿಡಿಸುವುದಿಲ್ಲ. ಶಾಸಕರು ಬಹುಪಾಲು ಅರಸು ಜೊತೆಗೇ ಉಳಿದರು. ಎಲ್ಲಿಯವರೆಗೆ? 1980ರ ಜನವರಿ ಫಲಿತಾಂಶದವರೆಗೆ! ಇಂದಿರಾ ಕಾಂಗ್ರೆಸ್ಸಿಗೆ ಕರ್ನಾಟಕದಲ್ಲಿ 28ರಲ್ಲಿ 27. ಅರಸು ಪಕ್ಷಕ್ಕೆ ಸೊನ್ನೆ. ಕೆಲವೇ ದಿನದಲ್ಲಿ ಶಾಸಕರು ಗುಂಪುಗುಂಪಾಗಿ ದಾಟಿದರು, ಗುಂಡೂರಾವ್ ಮುಖ್ಯಮಂತ್ರಿಯಾದರು. ಅರಸು ಕೈಹಿಡಿದು ಮೇಲೆ ತಂದ ಎಷ್ಟೋ ಮಂದಿ ಆ ಗುಂಪಿನಲ್ಲಿದ್ದರು.

ಅರಸು ಎಣಿಕೆಯಲ್ಲಿ ತಪ್ಪಿದ್ದು ಎಲ್ಲಿ? 1977ರ, 1978ರ ಮತ ತನ್ನದು ಅಂದುಕೊಂಡರು. ಅದು ಅರ್ಧ ನಿಜ. ಹೊಲ ಕೊಟ್ಟದ್ದು ಅವರೇ. ಆದರೆ ಆರು ವರ್ಷ ಪ್ರತಿ ಭಾಷಣದಲ್ಲಿ, ಪ್ರತಿ ಪೋಸ್ಟರಿನಲ್ಲಿ ಅದನ್ನು ಇಂದಿರಾ ಹೆಸರಲ್ಲಿ ಕೊಟ್ಟಿದ್ದರು. ರೈತನ ಮನಸ್ಸಿನಲ್ಲಿ ಕೊಟ್ಟವರ ಮುಖ ಅಚ್ಚಾಗಿದ್ದು ದೆಹಲಿಯದ್ದು. ಈ ನಾಡಿನ ದೊಡ್ಡ ನಾಯಕರಲ್ಲಿ ಅನೇಕರ ಪಾಡು ಇದೇ. ಕೆಲಸ ಇಲ್ಲಿಯದು, ಸಹಿ ಅಲ್ಲಿಯದು.

ಅರಸು ಮತ್ತೆ ಎದ್ದರಾ? ಕ್ರಾಂತಿರಂಗ ಕಟ್ಟಿದರು. 1982ರ ಜೂನ್ 6ರಂದು ತೀರಿಕೊಂಡರು. ಏಳು ತಿಂಗಳಿಗೆ, 1983ರ ಜನವರಿಯಲ್ಲಿ, ಜನತಾ ಪಕ್ಷದ ಜೊತೆ ಸೇರಿ ಅದೇ ಕ್ರಾಂತಿರಂಗದವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ಹೆಗಲು ಕೊಟ್ಟರು. ಗೋಕಾಕ್ ಚಳವಳಿಯ ಬಿಸಿಯನ್ನು ಕಡೆಗಣಿಸಿದ್ದ ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಸೋತರು. ಅರಸು ಬಿತ್ತಿದ್ದು ಬೆಳೆಯಿತು, ಕುಯ್ಯಲು ಅವರಿರಲಿಲ್ಲ. ಎಲ್ಲರ ದೇಹವೂ ಕಾಯುವುದಿಲ್ಲ ಗೆಳೆಯರೆ. ರಾಜಕೀಯದ ಪಂಡಿತರು ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಎರಡನೆಯವರು ಸೋತ ವೀರೇಂದ್ರ ಪಾಟೀಲ್. ಚಿಕ್ಕಮಗಳೂರಿನಲ್ಲಿ ಇಂದಿರಾ ವಿರುದ್ಧ ಇಡೀ ದೇಶದ ವಿರೋಧಿಗಳ ಪರವಾಗಿ ನಿಂತವರು. ಅವರೂ ಎದ್ದರು. ಹೇಗೆ? 1980ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಯಾವ ಪಕ್ಷದಿಂದ ಅಂತೀರಿ? ಇಂದಿರಾ ಕಾಂಗ್ರೆಸ್ಸಿನಿಂದ! ಹದಿನಾಲ್ಕು ತಿಂಗಳ ಹಿಂದೆ ಅವರಿಗಾಗಿ ಗೋಡೆ ಬರೆದ ಜನತಾ ಹುಡುಗನ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಪೊಲೀಸರ ಲಾಠಿ ತಿಂದಿದ್ದ. ಈ ಸುದ್ದಿ ಕೇಳಿ ಅವನು ಸಿಟ್ಟಾಗಲಿಲ್ಲ, ನಕ್ಕುಬಿಟ್ಟ. ಆಮೇಲೆ ಯಾವ ಪಕ್ಷದ ಗೋಡೆಯನ್ನೂ ಬರೆಯಲಿಲ್ಲ.

ಪಾಟೀಲರ ಏಳಿಗೆ ಅಲ್ಲಿಗೆ ನಿಲ್ಲಲಿಲ್ಲ. 1989ರಲ್ಲಿ ಅವರ ನೇತೃತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಹದಿನೆಂಟು ವರ್ಷದ ಮೇಲೆ ಮತ್ತೆ ಮುಖ್ಯಮಂತ್ರಿ. ಒಂದು ವರ್ಷವೂ ತುಂಬಲಿಲ್ಲ. 1990ರ ಅಕ್ಟೋಬರ್‌ನಲ್ಲಿ, ಅವರು ಪಾರ್ಶ್ವವಾಯು ಬಡಿದು ಮಲಗಿದ್ದಾಗ, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಂತು, ಹೊಸ ನಾಯಕನ ಆಯ್ಕೆಯಾಗುತ್ತದೆ ಅಂತ ಪತ್ರಕರ್ತರಿಗೆ ಹೇಳಿ ವಿಮಾನ ಹತ್ತಿದರು. 178 ಶಾಸಕರ ಮುಖ್ಯಮಂತ್ರಿಗೆ ಆದ ಮರ್ಯಾದೆ ಇದು. ಆ ಸಮುದಾಯದ, ಆ ಭಾಗದ ಜನ ಆ ಅವಮಾನವನ್ನು ಮರೆಯಲಿಲ್ಲ. 1994ರಲ್ಲಿ ಕಾಂಗ್ರೆಸ್ 34ಕ್ಕೆ ಇಳಿಯಿತು.

ಅದೇ 1994ರಲ್ಲಿ ಗೆದ್ದವರ ಕಥೆ ಬೇರೆ ಬಗೆಯದು. ಎಚ್.ಡಿ. ದೇವೇಗೌಡ. ಅರಸು ಕಾಲದಲ್ಲಿ ವಿರೋಧಪಕ್ಷದ ನಾಯಕರಾಗಿದ್ದವರು, ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರು. 1989ರಲ್ಲಿ ತಮ್ಮವರಿಂದ ಬೇರೆಯಾಗಿ ನಿಂತು ಹೊಳೆನರಸೀಪುರದಲ್ಲೇ ಸೋತರು. ಅವರ ಜನತಾ ಪಕ್ಷಕ್ಕೆ ಇಡೀ ರಾಜ್ಯದಲ್ಲಿ ಬಂದದ್ದು ಎರಡೇ ಸೀಟು. ಆಗ ಇವರ ಬಗ್ಗೆ ಬಂದ ವ್ಯಂಗ್ಯಚಿತ್ರಗಳನ್ನು ನೀವು ನೋಡಬೇಕಿತ್ತು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. 1994ರ ಡಿಸೆಂಬರ್‌ನಲ್ಲಿ ಜನತಾದಳಕ್ಕೆ 115, ಇವರು ಮುಖ್ಯಮಂತ್ರಿ. 1996ರ ಜೂನ್ 1ರಂದು ಪ್ರಧಾನಮಂತ್ರಿ. ಏಳು ವರ್ಷದಲ್ಲಿ ಸೊನ್ನೆಯಿಂದ ಅಲ್ಲಿಗೆ. 1999ರಲ್ಲಿ ಹಾಸನದಲ್ಲಿ ಮತ್ತೆ ಸೋಲು. ಸೋಲಿಸಿದ್ದು 1989ರಲ್ಲಿ ಸೋಲಿಸಿದ್ದ ಅದೇ ಪುಟ್ಟಸ್ವಾಮಿಗೌಡರು. 2002ರಲ್ಲಿ ಕನಕಪುರದ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಎದುರು ಗೆದ್ದು ಮತ್ತೆ ಲೋಕಸಭೆ. 2004ರಲ್ಲಿ ಪಕ್ಷಕ್ಕೆ 58 ಸೀಟು, ಸರ್ಕಾರದ ಬೀಗದಕೈ ಅವರ ಕೈಯಲ್ಲಿ. ಗೌಡರ ರಾಜಕೀಯ ನಿಮಗೆ ಒಪ್ಪಿಗೆಯಾಗಲಿ ಬಿಡಲಿ, ಸೋತ ಮಾರನೇ ದಿನ ಅವರು ಏನು ಮಾಡುತ್ತಿದ್ದರು ಅಂತ ಹಳಬರನ್ನು ಕೇಳಿ. ಊರೂರು ಸುತ್ತುತ್ತಿದ್ದರು. ಕಾವೇರಿ, ಹೇಮಾವತಿ, ಯಾವ ನಾಲೆಗೆ ಎಷ್ಟು ನೀರು ಎಂಬ ಲೆಕ್ಕ ಬಾಯಲ್ಲೇ ಇರುತ್ತಿತ್ತು. ಆದರೆ ಪಕ್ಷ ಮನೆಯಾಯಿತು. ಮನೆಯವರು ಸೋತರೆ ಪಕ್ಷ ಸೋತಿತು, ಹೊರಗಿನವನು ಗೆದ್ದರೂ ಪಕ್ಷ ಗೆದ್ದ ಹಾಗಲ್ಲ.

ಇದಕ್ಕೆ ಎದುರಾಗಿ ರಾಮಕೃಷ್ಣ ಹೆಗಡೆಯವರನ್ನು ಇಟ್ಟು ನೋಡಿ. ಹೆಸರು, ಮಾತು, ದೇಶಮಟ್ಟದ ಗೌರವ, ಎಲ್ಲ ಇತ್ತು. 1991ರಲ್ಲಿ ಅದೇ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರು. ಸೋಲಿಸಿದವರು ಯಾರು? ಸಿದ್ದು ನ್ಯಾಮಗೌಡ. ಸರ್ಕಾರಕ್ಕೆ ಕಾಯದೆ, ರೈತರಿಂದಲೇ ಹಣ ಕೂಡಿಸಿ, ರೈತರ ಶ್ರಮದಿಂದಲೇ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿಸಿದ ಮನುಷ್ಯ. ಜನ ಅವರನ್ನು 'ಬ್ಯಾರೇಜ್ ಸಿದ್ದು' ಅಂತಲೇ ಕರೆದರು. ಬೆಂಗಳೂರಿನ ಪತ್ರಿಕೆಗಳಿಗೆ ಅದು ಆಘಾತ, ಜಮಖಂಡಿಯ ರೈತನಿಗೆ ಅಲ್ಲ. ಹೆಗಡೆಯವರು ಆಮೇಲೆ ಕೇಂದ್ರ ಮಂತ್ರಿಯಾದರು, 1998ರಲ್ಲಿ, ರಾಜ್ಯಸಭೆಯ ದಾರಿಯಿಂದ. ಹಳೆಯ ಎತ್ತರ ಮಾತ್ರ ಮತ್ತೆ ಸಿಗಲಿಲ್ಲ. ಯಾರು ಸೋಲಿಸಿದರು ಎಂಬುದರಲ್ಲೂ ಸೋಲಿನ ತೂಕ ಇದೆ. ದುಡ್ಡಿನವನು ಸೋಲಿಸಿದರೆ ಜನ ಮರುಗುತ್ತಾರೆ. ನೀರು ಕೊಟ್ಟವನು ಸೋಲಿಸಿದರೆ ಯಾರು ಮರುಗುತ್ತಾರೆ?

ಬಂಗಾರಪ್ಪನವರದ್ದು ಇನ್ನೊಂದು. ಸೋತಾಗಲೆಲ್ಲ ಪಕ್ಷ ಬದಲು. ಶಿವಮೊಗ್ಗದ ಜನ ಬಹುಕಾಲ ಅವರ ಹಿಂದೆಯೇ ಬಂದರು. 2009ರಲ್ಲಿ ಬರಲಿಲ್ಲ.

ಇನ್ನು ಸಿದ್ದರಾಮಯ್ಯ. ನಮ್ಮ ಚಳವಳಿಯವರಿಗೆ ಇವರು ಗೊತ್ತಿರುವುದು ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ. 1983ರಲ್ಲಿ ಗೆದ್ದರು, 1989ರಲ್ಲಿ ಸೋತರು, 1994ರಲ್ಲಿ ಗೆದ್ದರು, 1999ರಲ್ಲಿ ಸೋತರು. 2005ರಲ್ಲಿ ಜೆಡಿಎಸ್ ಹೊರಹಾಕಿತು. 2006ರ ಡಿಸೆಂಬರ್‌ನಲ್ಲಿ ಚಾಮುಂಡೇಶ್ವರಿ ಉಪಚುನಾವಣೆ. ಇಡೀ ಸರ್ಕಾರ ಎದುರು ನಿಂತಿತ್ತು. ಗೆದ್ದದ್ದು 257 ಮತಗಳಿಂದ. ಆ 257 ಜನ ಅಂದು ಹೊಲದ ಕೆಲಸ ಇದೆ ಅಂತ ಮತಗಟ್ಟೆಗೆ ಬರದಿದ್ದರೆ? ನಾಯಕತ್ವ, ತತ್ವ, ವರ್ಚಸ್ಸು ಅಂತ ದೊಡ್ಡ ಪುಸ್ತಕ ಬರೆಯುವವರು ಇಂಥ ಅಂಕಿ ಮುಂದೆ ಸ್ವಲ್ಪ ಕೂರಬೇಕು. 2009ರಿಂದ ವಿರೋಧಪಕ್ಷದ ನಾಯಕ. ಗಣಿ ದೊರೆಗಳು ಸದನದಲ್ಲೇ ಸವಾಲು ಹಾಕಿದಾಗ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದರು. 2013ರಲ್ಲಿ ಮುಖ್ಯಮಂತ್ರಿ. 2018ರಲ್ಲಿ ಮುಖ್ಯಮಂತ್ರಿಯಾಗಿದ್ದುಕೊಂಡೇ ಅದೇ ಚಾಮುಂಡೇಶ್ವರಿಯಲ್ಲಿ 36 ಸಾವಿರ ಮತಗಳಿಂದ ಸೋತರು. ಬಾದಾಮಿ ಕೈಹಿಡಿಯಿತು, ಬರೀ 1,696 ಮತಗಳಿಂದ. ಅಷ್ಟು ಸಾಕಾಯಿತು, ಸದನದಲ್ಲಿ ಉಳಿದರು. 2019ರಲ್ಲಿ ಮತ್ತೆ ವಿರೋಧಪಕ್ಷದ ನಾಯಕ, 2023ರಲ್ಲಿ ಪಕ್ಷಕ್ಕೆ 135 ಸ್ಥಾನ, ಮತ್ತೆ ಮುಖ್ಯಮಂತ್ರಿ. ಬಾದಾಮಿಯಲ್ಲೂ ಸೋತಿದ್ದರೆ ಮಾತಾಡಲು ಮೈಕು ಎಲ್ಲಿ ಸಿಗುತ್ತಿತ್ತು? ಸೋತ ನಾಯಕನಿಗೆ ಮೊದಲು ಬೇಕಾದದ್ದು ನಿಂತು ಮಾತಾಡಲು ಒಂದು ಜಾಗ. ಇಂದಿರಾಗೆ ಚಿಕ್ಕಮಗಳೂರು, ಗೌಡರಿಗೆ ಕನಕಪುರ, ಇವರಿಗೆ ಬಾದಾಮಿ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಯಕ ಏಳುತ್ತಾನಾ? ಏಳಬಹುದು. ಗೆದ್ದವರು ಕಚ್ಚಾಡಿದರೆ, ನಿಲ್ಲಲು ಒಂದು ಊರು ಸಿಕ್ಕರೆ, ಆರೋಗ್ಯ ಕೈಕೊಡದಿದ್ದರೆ, ಜನರ ನೋವು ಇರುವಲ್ಲಿಗೆ ಕೆಸರು ತುಳಿದು ಹೋದರೆ. ಎದ್ದವನು ಸೋಲಿನಿಂದ ಪಾಠ ಕಲಿತಿರುತ್ತಾನೆ ಅಂತ ಮಾತ್ರ ನಂಬಬೇಡಿ. ಇಂದಿರಾ ಗಾಂಧಿ 1980ರಲ್ಲಿ ಎದ್ದು ಬಂದಾಗ ತುರ್ತು ಪರಿಸ್ಥಿತಿಯ ಲೆಕ್ಕ ಒಪ್ಪಿಸಿ ಬರಲಿಲ್ಲ. ಷಾ ಆಯೋಗದ ವರದಿ ಮೂಲೆ ಸೇರಿತು. ಗೆಲುವು ಅಪರಾಧವನ್ನು ತೊಳೆಯುವುದಿಲ್ಲ, ಸುಮ್ಮನೆ ಮುಚ್ಚುತ್ತದೆ.

ನಿಮ್ಮ ಐದು ವರ್ಷದ ವಿಚಾರ. ನಾನು ನಿಮ್ಮ ಜಾಗದಲ್ಲಿದ್ದರೆ ಸೋತ ನಾಯಕನ ಮನೆಗೆ ಒಂದು ತಿಂಗಳು ಬಿಟ್ಟು ಹೋಗುತ್ತೇನೆ. ಆತ ಯಾರನ್ನು ಬೈಯುತ್ತಿದ್ದಾನೆ ಅಂತ ಕೇಳಿಸಿಕೊಳ್ಳುತ್ತೇನೆ. ಜನರನ್ನು ಬೈಯುತ್ತಿದ್ದರೆ ಕಾಫಿ ಕುಡಿದು ಎದ್ದು ಬರುತ್ತೇನೆ. ಕಾರ್ಯಕರ್ತರನ್ನು ಬೈಯುತ್ತಿದ್ದರೆ ಕಾಫಿಯನ್ನೂ ಕುಡಿಯುವುದಿಲ್ಲ. ತನ್ನ ಲೆಕ್ಕ ಎಲ್ಲಿ ತಪ್ಪಿತು ಅಂತ ಬೂತುವಾರು ಪಟ್ಟಿ ಹರವಿಕೊಂಡು ಕೂತಿದ್ದರೆ ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಡುತ್ತೇನೆ. ಆತ ದೆಹಲಿಗೆ ಟಿಕೆಟ್ ಬುಕ್ ಮಾಡಿಸುತ್ತಿದ್ದರೆ, ನೀವೇ ತೀರ್ಮಾನಿಸಿ.

ಮೂರನೆಯವರ ಬಗ್ಗೆ ಹೇಳುವುದು ಉಳಿಯಿತು. ಡಿ.ಬಿ. ಚಂದ್ರೇಗೌಡ, 1978ರಲ್ಲಿ ಗೆದ್ದ ಸೀಟನ್ನು ಬಿಟ್ಟುಕೊಟ್ಟವರು. ಅರಸು ಸಂಪುಟದಲ್ಲಿ ಮಂತ್ರಿಯಾದರು. ಆಮೇಲೆ ಜನತಾ ಪಕ್ಷ ಸೇರಿ ವಿಧಾನಸಭೆಯ ಸ್ಪೀಕರ್ ಆದರು. ಮತ್ತೆ ಕಾಂಗ್ರೆಸ್ಸಿಗೆ ಬಂದು ಮಂತ್ರಿಯಾದರು. ಬಿಟ್ಟುಕೊಟ್ಟ ಲೋಕಸಭೆಗೆ ಅವರು ಮತ್ತೆ ಕಾಲಿಟ್ಟದ್ದು 2009ರಲ್ಲಿ, ಬೆಂಗಳೂರು ಉತ್ತರದಿಂದ, ಬಿಜೆಪಿ ಸದಸ್ಯರಾಗಿ. ನಡುವೆ ಮೂವತ್ತೊಂದು ವರ್ಷ ಕಳೆದಿತ್ತು. 2023ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಒಂದೇ ಸಾಲಿನಿಂದ ಶುರು ಮಾಡಿದವು: ಇಂದಿರಾ ಗಾಂಧಿಗಾಗಿ ಕ್ಷೇತ್ರ ಬಿಟ್ಟುಕೊಟ್ಟವರು.